ಕೋವಿಯ ಹೆಗಲಪಟ್ಟಿ: ‘ಮೂಲ’ವೆಂಬ ಮಾತಿನ ವಿಚಾರ

೧

ಆಯುಧಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಕಬ್ಬಿಣದ ಇತಿಹಾಸವನ್ನೇ ಬರೆದಿದ್ದಾರೆ. ನಳಿಗೆಯ ಉದ್ದ, ಗುಂಡಿನ ಗಾತ್ರ, ಕುದುರೆಯ ರಚನೆ, ಹೊಡೆತದ ದೂರ ಇವು ಅವರ ಗ್ರಂಥಗಳಲ್ಲಿ ಸವಿಸ್ತಾರವಾಗಿ ಬರುತ್ತವೆ. ಆ ಕೋವಿಯನ್ನು ಸಿಪಾಯಿಯ ಹೆಗಲಿಗೆ ಕಟ್ಟಿಕೊಟ್ಟ ಪಟ್ಟಿಯ ಮಾತು ಮಾತ್ರ ಅಡಿಟಿಪ್ಪಣಿಯಲ್ಲೂ ಅಪರೂಪ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಕಬ್ಬಿಣ ಉಳಿಯುತ್ತದೆ; ಚರ್ಮವೂ ಹತ್ತಿಯೂ ಅಳಿಯುತ್ತವೆ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳು ಬಾವಿಯೊಂದರಿಂದ ಹೈದರ್-ಟಿಪ್ಪುಗಳ ಕಾಲದ ಸುಮಾರು ಸಾವಿರ ರಾಕೆಟ್ಟುಗಳು ದೊರೆತುವು. ನಮ್ಮ ಕೈಗೆ ಬಂದುದು ಅವುಗಳ ಕಬ್ಬಿಣದ ಕೊಳವೆಗಳು. ಆ ಕೊಳವೆಯನ್ನು ಬಿದಿರಿಗೆ ಬಿಗಿದು ಕಟ್ಟುತ್ತಿದ್ದ ತೊಗಲಿನ ಬಾರು ಇಲ್ಲದೆ ರಾಕೆಟ್ಟು ನೆಟ್ಟಗೆ ಹಾರುವಂತಿರಲಿಲ್ಲ. ಆದರೂ ಬಾರನ್ನು ಹೆಣೆದವನ ಕೆಲಸಕ್ಕೆ ಮಣ್ಣಿನಲ್ಲಿ ಸಾಕ್ಷಿ ಉಳಿಯುವುದಿಲ್ಲ.

ಹೀಗೆ ಅಳಿಯುವ ವಸ್ತುವೇ ಈಚಿನ ಕಾಲದಲ್ಲಿ ಬೇರೊಂದು ಬಗೆಯ ಬೆಲೆಯನ್ನು ಪಡೆದಿದೆ. ಎರಡು ಮಹಾಯುದ್ಧಗಳ ರೈಫಲುಗಳನ್ನು ಸಂಗ್ರಹಿಸುವವರು ಯೂರೋಪು ಅಮೆರಿಕಗಳಲ್ಲಿ ಬಹಳ ಮಂದಿ ಇದ್ದಾರೆ. ರೈಫಲು ಸಿಕ್ಕಿದರೆ ಅವರಿಗೆ ತೃಪ್ತಿಯಿಲ್ಲ. ಅದರ ಜೊತೆಗೆ ಅದೇ ಕಾಲದ, ಅದೇ ಸೈನ್ಯದ, ಕಾರ್ಖಾನೆಯ ಮುದ್ರೆಯುಳ್ಳ ‘ಮೂಲ’ ಹೆಗಲಪಟ್ಟಿಯೂ ಬೇಕು. ಸೈನಿಕರೂ ಪೋಲೀಸರೂ ‘ಸ್ಲಿಂಗ್’ ಎಂದು ಕರೆಯುವ ಈ ಪಟ್ಟಿ ಒಂದಾನೊಂದು ಕಾಲದಲ್ಲಿ ಸವೆದರೆ ಎಸೆಯುವ ವಸ್ತುವಾಗಿತ್ತು. ಎಸೆದುದರಿಂದಲೇ ವಿರಳವಾಯಿತು, ವಿರಳವಾದುದರಿಂದಲೇ ಬೆಲೆಯುಳ್ಳದ್ದಾಯಿತು.

‘ಮೂಲ’ವೆಂದರೆ ಯಾವುದು ಎಂಬ ಪ್ರಶ್ನೆ ಮುಂಬಯಿಯ ಕನ್ನಡಿಗರಿಗೆ ಪುಸ್ತಕದ ಪ್ರಶ್ನೆಯಲ್ಲ. ಜೋಗೇಶ್ವರಿಯನ್ನೇ ನೋಡಬಹುದು. ರೈಲುಹಳಿಯ ಪಶ್ಚಿಮಕ್ಕೆ, ಓಶಿವರಾದ ಕಡೆ, ಹಳೆಯ ಪೀಠೋಪಕರಣಗಳ ದೊಡ್ಡ ಪೇಟೆಯಿದೆ. ಅಲ್ಲಿ ನಿಜವಾಗಿ ಹಳೆಯದಾದ ಮೇಜು ಕುರ್ಚಿಗಳೂ ಹಳೆಯದರಂತೆ ಕಾಣುವಂತೆ ಹೊಸದಾಗಿ ಮಾಡಿದವೂ ಒಂದೇ ಸೂರಿನಡಿ ನಿಂತಿರುತ್ತವೆ. ಹಳಿಯ ಪೂರ್ವಕ್ಕೆ ಆರನೆಯ ಶತಮಾನದ ಶೈವ ಗುಹಾಲಯವಿದೆ. ಅದರ ಕಂಬಗಳೂ ಶಿಲ್ಪಗಳೂ ಮಳೆಗಾಳಿಗೆ ಸವೆದು ಹೋಗಿವೆ. ಪೂಜೆ ಮಾತ್ರ ನಡೆದೇ ಇದೆ. ಊರಿಗೆ ಹೆಸರು ಕೊಟ್ಟ ದೇವಿ ಇಂದಿಗೂ ಅಲ್ಲಿಯೇ ನೆಲಸಿದ್ದಾಳೆ. ಒಂದೇ ಉಪನಗರದಲ್ಲಿ ಹಳೆಯದರ ಎರಡು ಬಗೆಗಳು ಹೀಗೆ ಎದುರುಬದುರಾಗಿವೆ: ಒಂದು ಮಾರಾಟಕ್ಕಾಗಿ ಹಳೆಯದು, ಇನ್ನೊಂದು ಬಳಕೆಯಲ್ಲಿದ್ದೂ ಹಳೆಯದು. ಕೋವಿಯ ಹೆಗಲಪಟ್ಟಿಯ ವಿಚಾರದಲ್ಲೂ ಇವೇ ಎರಡು ಬಗೆಗಳು ಎದುರಾಗುತ್ತವೆ. ಸಂಗ್ರಾಹಕನ ‘ಮೂಲ’ ಒಂದು. ಕೋವಿಯನ್ನು ತಲೆಮಾರುಗಳಿಂದ ಇಟ್ಟುಕೊಂಡು ಬಂದ ಕೊಡಗಿನ ಮನೆತನದ ‘ಮೂಲ’ ಇನ್ನೊಂದು. ಇವೆರಡರ ನಡುವೆ ಕಣ್ಮರೆಯಾಗುವವನು ಪಟ್ಟಿಯನ್ನು ಮಾಡಿದ ಕೆಲಸಗಾರ. ಅವನನ್ನು ಹುಡುಕುವುದು ಪ್ರಸ್ತುತ ಲೇಖನದ ಉದ್ದೇಶ.

೨

ಹೆಗಲಪಟ್ಟಿಯ ರಚನೆ ಸರಳವಾದುದು. ಕೋವಿಯ ಮುಂಭಾಗದಲ್ಲಿ ಒಂದು, ಹಿಡಿಯ ಕೆಳಗೆ ಒಂದು, ಹೀಗೆ ಎರಡು ಬಳೆಗಳಿರುತ್ತವೆ. ಪಟ್ಟಿ ಅವುಗಳೊಳಗೆ ಹಾದು ಬಂದು ಬಕ್ಕಲಿನಿಂದಲೋ ಕೊಕ್ಕೆಯಿಂದಲೋ ಗುಂಡಿಯಿಂದಲೋ ಭದ್ರವಾಗುತ್ತದೆ. ನಡೆಯುವಾಗ ಭಾರ ಹೆಗಲಿಗೆ ಬೀಳುತ್ತದೆ, ಎರಡು ಕೈಗಳೂ ಬಿಡುವಾಗುತ್ತವೆ. ಗುರಿಯಿಡುವಾಗ ಪಟ್ಟಿಯನ್ನು ತೋಳಿಗೆ ಸುತ್ತಿ ಬಿಗಿದರೆ ಕೋವಿ ಅಲುಗಾಡದೆ ನಿಲ್ಲುತ್ತದೆ. ದೂರದ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಬೇಕಾಗಿದ್ದ ಸಿಪಾಯಿಗೆ ಇದು ಅಲಂಕಾರದ ವಸ್ತುವಾಗಿರಲಿಲ್ಲ.

ಈಸ್ಟ್ ಇಂಡಿಯಾ ಕಂಪನಿಯ ಕಾಲದ ಕೋವಿಗಳಿಗೆ ಚರ್ಮದ ಪಟ್ಟಿಯೇ ಇರುತ್ತಿತ್ತು. ಸಿಪಾಯಿ ಎದೆಯ ಮೇಲೆ ಅಡ್ಡಲಾಗಿ ಧರಿಸುತ್ತಿದ್ದ ಪಟ್ಟಿಗಳೂ ಚರ್ಮದವೇ. ಅವುಗಳಿಗೆ ಬಿಳಿಯ ಮಣ್ಣನ್ನು ಬಳಿದು ಹೊಳಪು ಕೊಡುವುದು ದಿನನಿತ್ಯದ ಕೆಲಸವಾಗಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ೧೮೦೬ರ ಜುಲೈ ೧೦ರಂದು ವೆಲ್ಲೂರಿನ ಕೋಟೆಯಲ್ಲಿ, ಟಿಪ್ಪುಸುಲ್ತಾನನ ಮಕ್ಕಳನ್ನು ಸೆರೆಯಿಟ್ಟಿದ್ದ ಸ್ಥಳದಲ್ಲಿ, ಸಿಪಾಯಿಗಳು ದಂಗೆಯೆದ್ದರು. ಹಣೆಯ ಮೇಲಿನ ಜಾತಿಚಿಹ್ನೆಯನ್ನು ಅಳಿಸಬೇಕು, ಹೊಸ ಬಗೆಯ ಪೇಟವನ್ನು ತೊಡಬೇಕು ಎಂಬ ಆಜ್ಞೆಗಳು ಅದರ ತಕ್ಷಣದ ಕಾರಣಗಳಲ್ಲಿ ಸೇರಿದ್ದುವು. ಆ ಪೇಟದಲ್ಲಿ ಚರ್ಮದ ಕುಚ್ಚೊಂದಿತ್ತು. ಹೆಗಲ ಮೇಲೆ, ಎದೆಯ ಮೇಲೆ ಚರ್ಮವನ್ನು ಸಹಿಸಿದವರು ತಲೆಯ ಮೇಲೆ ಅದನ್ನು ಸಹಿಸಲಿಲ್ಲ. ಚರ್ಮವನ್ನು ಬಳಸುವುದಕ್ಕೂ ಚರ್ಮವನ್ನು ಗೌರವಿಸುವುದಕ್ಕೂ ನಮ್ಮ ಸಮಾಜದಲ್ಲಿ ಎಷ್ಟು ಅಂತರವಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಚರ್ಮದ ದೋಷಗಳು ಸೈನ್ಯಕ್ಕೆ ತಿಳಿದೇ ಇದ್ದುವು. ನೆನೆದರೆ ಹಿಗ್ಗುತ್ತದೆ, ಒಣಗಿದರೆ ಬಿರಿಯುತ್ತದೆ, ಎಣ್ಣೆ ಕಾಣದಿದ್ದರೆ ಮುರಿಯುತ್ತದೆ. ೧೮೯೯ರಿಂದ ೧೯೦೨ರವರೆಗೆ ನಡೆದ ಬೋಅರ್ ಯುದ್ಧದ ಅನುಭವ ಬ್ರಿಟಿಷರ ಕಣ್ಣು ತೆರೆಸಿತು. ಅಮೆರಿಕದ ಸೈನ್ಯಾಧಿಕಾರಿ ಆನ್ಸನ್ ಮಿಲ್ಸ್ ಹತ್ತಿಯ ನೂಲಿನಿಂದ ದಪ್ಪವಾಗಿ ನೇಯ್ದ ಪಟ್ಟಿಗಳನ್ನು ಆ ವೇಳೆಗಾಗಲೇ ರೂಢಿಗೆ ತಂದಿದ್ದನು. ಅವನ ಹೆಸರನ್ನೇ ಹೊತ್ತ ಲಂಡನ್ನಿನ ಮಿಲ್ಸ್ ಈಕ್ವಿಪ್‌ಮೆಂಟ್ ಕಂಪನಿಯ ನೆರವಿನಿಂದ ೧೯೦೮ರಲ್ಲಿ ಬ್ರಿಟಿಷ್ ಕಾಲಾಳಿಗೆ ನೇಯ್ದ ಪಟ್ಟಿಗಳ ಹೊಸ ಸಜ್ಜು ಬಂದಿತು. ಲೀ-ಎನ್‌ಫೀಲ್ಡ್ ರೈಫಲಿಗೂ ಚರ್ಮದ ಬದಲು ನೇಯ್ಗೆಯ ಹೆಗಲಪಟ್ಟಿ ದೊರೆಯಿತು. ಒಂದೂಕಾಲು ಅಂಗುಲದಷ್ಟು ಅಗಲ, ಎರಡು ತುದಿಗೂ ಹಿತ್ತಾಳೆಯ ಕಟ್ಟು: ಇದು ಅದರ ಸ್ವರೂಪ. ಕನ್ನಡಿಗರಿಗೆ ಇದನ್ನು ಬಣ್ಣಿಸಲು ಹೊಸ ಶಬ್ದ ಬೇಡ. ಮಂಚಕ್ಕೆ ಬಿಗಿಯುವ ನವಾರಿನ ಸೋದರನೇ ಈ ಪಟ್ಟಿ. ಅಗಲ ಕಡಿಮೆ, ನೇಯ್ಗೆ ಹೆಚ್ಚು ಬಿಗಿ.

ಹತ್ತಿಯ ಗೆಲವು ಪೂರ್ಣವಾಗಿರಲಿಲ್ಲ. ೧೯೧೪ರಲ್ಲಿ ಮಹಾಯುದ್ಧ ಆರಂಭವಾಗಿ ಲಕ್ಷಾಂತರ ಹೊಸ ಸಿಪಾಯಿಗಳು ಸೇರಿದಾಗ ಮಗ್ಗಗಳು ಬೇಡಿಕೆಯನ್ನು ಪೂರೈಸಲಾರದೆ ಹೋದುವು. ಬ್ರಿಟನ್ ಮತ್ತೆ ಚರ್ಮಕ್ಕೆ ಮರಳಿ ೧೯೧೪ರ ಚರ್ಮದ ಸಜ್ಜನ್ನು ಹೊರಡಿಸಿತು. ಅಮೆರಿಕದ ಸೈನ್ಯವಂತೂ ೧೯೦೭ರ ಮಾದರಿಯ, ಹಿತ್ತಾಳೆಯ ಕೊಕ್ಕೆಗಳುಳ್ಳ ಎರಡು ತುಂಡಿನ ಚರ್ಮದ ಪಟ್ಟಿಯನ್ನು ಎರಡನೆಯ ಮಹಾಯುದ್ಧದ ನಡುವಿನವರೆಗೂ ಮುಖ್ಯವಾಗಿ ಬಳಸಿ, ಅನಂತರ ನೇಯ್ಗೆಯ ಪಟ್ಟಿಗೆ ತಿರುಗಿತು. ಜರ್ಮನರು ಕೊನೆಯವರೆಗೂ ಚರ್ಮವನ್ನೇ ಹಿಡಿದರು. ರಷ್ಯದವರು ಕೋವಿಯ ಮರದಲ್ಲೇ ಕಂಡಿ ಕೊರೆದು, ಅದರೊಳಗೆ ಸಣ್ಣ ಚರ್ಮದ ಬಾರುಗಳನ್ನು ಪೋಣಿಸಿ, ಅವುಗಳಿಗೆ ಕ್ಯಾನ್‌ವಾಸಿನ ಪಟ್ಟಿಯನ್ನು ಬಿಗಿದರು. ಈ ಬಾರುಗಳನ್ನು ಸಂಗ್ರಾಹಕರು ವಿನೋದವಾಗಿ ‘ನಾಯಿಯ ಕೊರಳಪಟ್ಟಿ’ ಎನ್ನುವುದುಂಟು.

೩

ಸಂಗ್ರಾಹಕನು ಈ ಪಟ್ಟಿಗಳನ್ನು ಓದುವ ರೀತಿ ಶಾಸನತಜ್ಞನ ರೀತಿಗೆ ಹತ್ತಿರವಾದುದು. ಮೊದಲು ಮುದ್ರೆ. ಬ್ರಿಟಿಷ್ ಸಾಮಗ್ರಿಯ ಮೇಲೆ ಸರಕಾರದ ಅಗಲವಾದ ಬಾಣದ ಗುರುತಿರುತ್ತದೆ. ಭಾರತದಲ್ಲಿ ಅಂಗೀಕೃತವಾದ ಸಾಮಗ್ರಿಯ ಮೇಲೆ ಆ ಬಾಣದೊಡನೆ ಇಂಗ್ಲಿಷಿನ ‘ಐ’ ಅಕ್ಷರ ಸೇರುತ್ತದೆ. ತಯಾರಕನ ಹೆಸರಿನ ಮೊದಲಕ್ಷರಗಳು, ತಯಾರಾದ ವರ್ಷ ಇವು ಜೊತೆಗಿರುತ್ತವೆ. ‘ಎಂ. ಇ. ಕೋ.’ ಎಂದಿದ್ದರೆ ಅದು ಮಿಲ್ಸ್ ಕಂಪನಿಯದು. ಜರ್ಮನಿಯಲ್ಲಿ ಯುದ್ಧಕಾಲದಲ್ಲಿ ಕಾರ್ಖಾನೆಗಳ ಹೆಸರನ್ನು ಶತ್ರುವಿಗೆ ತಿಳಿಯಗೊಡಬಾರದೆಂದು ಸಂಕೇತಾಕ್ಷರಗಳನ್ನೂ, ಮುಂದೆ ಸಂಖ್ಯೆಗಳನ್ನೂ ಒತ್ತತೊಡಗಿದರು. ಒಂದು ಚರ್ಮದ ಬಾರಿನ ಮೇಲೆ ರಾಜ್ಯರಹಸ್ಯ ಅಚ್ಚಾಗಿತ್ತೆಂದರೆ ಆ ಯುದ್ಧ ಎಷ್ಟರಮಟ್ಟಿಗೆ ಕಾರ್ಖಾನೆಗಳ ಯುದ್ಧವಾಗಿತ್ತೆಂಬುದು ತಿಳಿಯುತ್ತದೆ.

ಮುದ್ರೆಯ ತರುವಾಯ ವಸ್ತುವಿನ ಪರೀಕ್ಷೆ. ಹಿತ್ತಾಳೆಯೋ ಹಿತ್ತಾಳೆಯ ಲೇಪವುಳ್ಳ ಉಕ್ಕೋ ಎಂಬುದನ್ನು ಅಯಸ್ಕಾಂತ ಹೇಳುತ್ತದೆ. ಮರದ ತೊಗಟೆಯಿಂದ ಹದಮಾಡಿದ ಚರ್ಮದಲ್ಲಿ ಹಿತ್ತಾಳೆ ಬಹುಕಾಲ ಕುಳಿತರೆ ಅದರ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ಹಳತಾದ ಅಂತಹ ಚರ್ಮ ಕೆಂಪಾಗಿ ಪುಡಿಯಾಗುವ ರೋಗಕ್ಕೂ ತುತ್ತಾಗುತ್ತದೆ. ಹೊಲಿಗೆಯ ನೂಲು, ಅಂಗುಲಕ್ಕೆ ಎಷ್ಟು ಹೊಲಿಗೆ, ಬಳೆ ಉಜ್ಜಿದ ಸ್ಥಳದಲ್ಲಿಯೇ ಸವೆತ ಬಿದ್ದಿದೆಯೆ, ಅಥವಾ ಎಲ್ಲೆಡೆಯೂ ಒಂದೇ ಸಮನಾಗಿ ಸವೆದಂತೆ ಮಾಡಲಾಗಿದೆಯೆ ಇವೆಲ್ಲ ಪರೀಕ್ಷೆಗೆ ಬರುತ್ತವೆ. ಕಾಲ ತಾನಾಗಿ ಮಾಡಿದ ಸವೆತ ಎಂದೂ ಸಮನಾಗಿರುವುದಿಲ್ಲ.

ಇಷ್ಟೆಲ್ಲ ಸೂಕ್ಷ್ಮದ ನಡುವೆ ಒಂದು ಮೂಲಭೂತ ಸಂಗತಿ ಮರೆಯಾಗುತ್ತದೆ. ಕೋವಿಗೆ ಸಂಖ್ಯೆ ಇರುತ್ತದೆ. ಪಟ್ಟಿ ಆ ಸಂಖ್ಯೆಗೆ ಸೇರಿದುದಲ್ಲ. ಅದು ಉಗ್ರಾಣದಿಂದ ಬೇರೆಯಾಗಿ ಬರುತ್ತಿತ್ತು, ಸವೆದರೆ ಬದಲಾಗುತ್ತಿತ್ತು. ಮೂವತ್ತು ವರ್ಷ ಸೇವೆ ಮಾಡಿದ ಒಂದು ರೈಫಲು ಅನೇಕ ಪಟ್ಟಿಗಳನ್ನು ಕಂಡಿರುವುದು ಸಹಜ. ಆದುದರಿಂದ ‘ಈ ರೈಫಲಿನ ಮೂಲ ಪಟ್ಟಿ’ ಎಂಬ ಮಾತಿಗೆ ವಾಸ್ತವದಲ್ಲಿ ‘ಈ ರೈಫಲಿನ ಕಾಲಕ್ಕೆ ಒಪ್ಪುವ, ಆ ಸೈನ್ಯಕ್ಕಾಗಿ ಮಾಡಿದ ಪಟ್ಟಿ’ ಎಂದಷ್ಟೇ ಅರ್ಥ. ಮೂಲತೆ ಇಲ್ಲಿ ವಸ್ತುವಿನ ಗುಣಕ್ಕಿಂತ ಹೆಚ್ಚಾಗಿ ಕಚೇರಿಯ ಒಪ್ಪಿಗೆಯ ಗುಣ. ಮುದ್ರೆ ಒತ್ತಿದವನು ತನಿಖೆಯ ಅಧಿಕಾರಿ. ಹದಮಾಡಿದವನೂ ಹೊಲಿದವನೂ ನೇಯ್ದವನೂ ಮುದ್ರೆಯಲ್ಲಿ ಇಲ್ಲ.

೪

ಅವರನ್ನು ಹುಡುಕಲು ಕರ್ಣಾಟಕದ ಹುಣಸೂರಿನಿಂದ ಆರಂಭಿಸುವುದು ಉಚಿತ. ಮೈಸೂರಿನಿಂದ ಕೊಡಗಿಗೆ ಹೋಗುವ ದಾರಿಯಲ್ಲಿರುವ ಈ ಊರು ಅಮೃತಮಹಲ್ ದನಗಳ ಇಲಾಖೆಯೊಡನೆ ನಂಟುಳ್ಳದ್ದು. ತೋಪುಗಳನ್ನೆಳೆಯಲು ಮೈಸೂರು ಅರಸರೂ ಹೈದರ್-ಟಿಪ್ಪುಗಳೂ ಬೆಳೆಸಿದ ಈ ತಳಿಯನ್ನು ೧೭೯೯ರ ತರುವಾಯ ಬ್ರಿಟಿಷರೂ ತಮ್ಮ ಸೈನ್ಯಕ್ಕಾಗಿ ಉಪಯೋಗಿಸಿಕೊಂಡರು. ೧೮೬೪ರವರೆಗೆ ಹುಣಸೂರಿನಲ್ಲಿ ಸೈನ್ಯದ ಅಗತ್ಯಗಳಿಗಾಗಿ ಸರಕಾರದ ದೊಡ್ಡ ಚರ್ಮದ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಅಂಗಳ ಇವು ನಡೆಯುತ್ತಿದ್ದುವು. ಆ ವರ್ಷ ಅವು ನಿಂತುವು. ಕೆಲಸ ಮಾತ್ರ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ಪಳಗಿದ ಕೆಲಸಗಾರರು ಊರಿನಲ್ಲಿಯೇ ಉಳಿದು ಬೂಟು, ಬೆನ್ನುಚೀಲ, ಕಂಬಳಿಗಳನ್ನು ತಾವೇ ಮಾಡಿ ಮಾರುತ್ತಿದ್ದರೆಂದು ಗೆಜೆಟಿಯರುಗಳು ಹೇಳುತ್ತವೆ.

ಈ ಸಂಗತಿಯನ್ನು ಸಂಗ್ರಾಹಕನ ದೃಷ್ಟಿಯಿಂದ ನೋಡಿದರೆ ವಿಚಿತ್ರವಾಗಿ ತೋರುತ್ತದೆ. ೧೮೬೩ರಲ್ಲಿ ಒಬ್ಬನು ಹೊಲಿದ ಚೀಲ ‘ಮೂಲ’. ೧೮೬೫ರಲ್ಲಿ ಅದೇ ಕೈ, ಅದೇ ದಬ್ಬಳದಿಂದ ಹೊಲಿದ ಚೀಲ ‘ನಕಲು’. ನಡುವೆ ಬದಲಾದುದು ಸರಕಾರದ ಮುದ್ರೆ ಒಂದೇ.

ಉತ್ತರದಲ್ಲಿ ೧೮೫೭ರ ದಂಗೆಯ ತರುವಾಯದ ವರ್ಷಗಳಲ್ಲಿ ಕಾನ್ಪುರ ಸೈನ್ಯದ ಚರ್ಮೋದ್ಯಮಕ್ಕೆ ಕೇಂದ್ರವಾಯಿತು. ಕುದುರೆಯ ಜೀನು, ಬಂಡಿಯ ಸಜ್ಜು, ಸಿಪಾಯಿಯ ಪಟ್ಟಿಗಳಿಗಾಗಿ ಸರಕಾರ ಅಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿತು. ೧೮೮೦ರ ದಶಕದಲ್ಲಿ ಕೂಪರ್ ಆಲನ್ ಕಂಪನಿ ಸೈನ್ಯದ ಬೂಟುಗಳನ್ನು ಭಾರಿ ಪ್ರಮಾಣದಲ್ಲಿ ಮಾಡತೊಡಗಿತು. ಕಾನ್ಪುರದ ಆಯ್ಕೆಗೆ ಒಂದು ಕಾರಣ ಗಂಗಾ ಬಯಲಿನಲ್ಲಿ ಧಾರಾಳವಾಗಿ ಸಿಗುವ ಕರಿಜಾಲಿಯ ತೊಗಟೆ. ತೊಗಟೆಯ ರಸದಲ್ಲಿ ತೊಗಲನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆಯಿಟ್ಟು ಹದಮಾಡುವುದು ಹಳೆಯ ಪದ್ಧತಿ. ದಕ್ಷಿಣದಲ್ಲಿ ಈ ಕೆಲಸಕ್ಕೆ ಬಳಕೆಯಾಗುತ್ತಿದ್ದುದು ತಂಗಡಿಯ ತೊಗಟೆ. ನಮ್ಮ ಬಯಲುಸೀಮೆಯ ಬದುಗಳ ಮೇಲೆ ಹಳದಿ ಹೂ ಬಿಟ್ಟು ನಿಲ್ಲುವ ಈ ಗಿಡವನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ತಂಗಡಿಯಿಂದ ಹದವಾದ ದಕ್ಷಿಣದ ದನದ ತೊಗಲು ಮದರಾಸಿನ ಮೂಲಕ ಇಂಗ್ಲೆಂಡಿಗೆ ಹೋಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ, ೧೯೧೬ರಿಂದ, ಸೈನ್ಯದ ಬೂಟುಗಳ ಮೇಲ್ಭಾಗಕ್ಕಾಗಿ ಸರಕಾರವೇ ಈ ತೊಗಲಿನ ಖರೀದಿಯನ್ನು ಕೈಗೆತ್ತಿಕೊಂಡಿತು. ೧೯೧೭ರಲ್ಲಿ ಭಾರತದ ಯುದ್ಧಸಾಮಗ್ರಿ ಮಂಡಲಿ ಸ್ಥಾಪಿತವಾದ ಮೇಲೆ ಚರ್ಮೋದ್ಯಮ ಅದರ ಮುಖ್ಯ ವ್ಯವಹಾರಗಳಲ್ಲಿ ಒಂದಾಯಿತು.

ಹೊಸ ಪದ್ಧತಿಯೂ ದಕ್ಷಿಣಕ್ಕೆ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಕ್ರೋಮ್ ಲವಣದಿಂದ ಚರ್ಮವನ್ನು ಹದಮಾಡುವ ಪ್ರಯೋಗಗಳನ್ನು ನಡೆಸಿದನು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥನಾದವನೂ ಅವನೇ. ಆ ಪ್ರಯೋಗಗಳ ಹಿಂದಿದ್ದ ಒಂದು ಮುಖ್ಯ ಉದ್ದೇಶ ಕಪಿಲೆಯ ಚರ್ಮದ ಚೀಲ. ನೀರಿನಲ್ಲಿ ಸದಾ ಮುಳುಗೇಳುವ ಚೀಲಕ್ಕೆ ಕ್ರೋಮ್ ಚರ್ಮ ಹೆಚ್ಚು ಬಾಳಿಕೆ ಕೊಡುತ್ತದೆಂಬುದು ಅವನ ಲೆಕ್ಕ. ಬಾವಿಯಿಂದ ನೀರೆತ್ತುವ ಚೀಲವೂ ಕೋವಿಯನ್ನು ಹೊರುವ ಪಟ್ಟಿಯೂ ಒಂದೇ ಕೆಲಸಗಾರನ ವಿದ್ಯೆಯ ಎರಡು ಫಲಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ೧೯೩೭ರ ಮಾದರಿಯ ನೇಯ್ದ ಸಜ್ಜು ಭಾರತದಲ್ಲಿಯೂ ತಯಾರಾಯಿತು. ಇಲ್ಲಿನ ನೇಯ್ಗೆ ಬ್ರಿಟನ್ನಿನದಕ್ಕಿಂತ ಒರಟೆಂದು ಸಂಗ್ರಾಹಕರು ಹೇಳುವುದುಂಟು. ಬಹುಕಾಲ ಅದಕ್ಕೆ ಬೆಲೆಯೂ ಕಡಿಮೆಯಿತ್ತು. ಯುದ್ಧದ ಒತ್ತಡದಲ್ಲಿ, ಸಿಕ್ಕಿದ ನೂಲಿನಲ್ಲಿ, ಸಿಕ್ಕಿದ ಮಗ್ಗದಲ್ಲಿ ನೇಯ್ದುದರ ಗುರುತು ಆ ಒರಟುತನ. ಅದನ್ನು ದೋಷವೆಂದು ತಳ್ಳುವುದಕ್ಕಿಂತ ದಾಖಲೆಯೆಂದು ಓದುವುದು ಇತಿಹಾಸಕಾರನ ಧರ್ಮ.

೫

ಈಗ ಒಂದು ವಿರೋಧಾಭಾಸದ ಕಡೆಗೆ ವಾಚಕರ ಗಮನವನ್ನು ಸೆಳೆಯಬೇಕಾಗಿದೆ. ಸಂಗ್ರಾಹಕರ ಸಂಖ್ಯೆ ಹೆಚ್ಚಿ ಹಳೆಯ ಪಟ್ಟಿಗಳು ಸಾಲದೆ ಬಂದಾಗ ಹಳೆಯ ಮಾದರಿಯ ಹೊಸ ಪಟ್ಟಿಗಳು ಮಾರುಕಟ್ಟೆಗೆ ಬಂದುವು. ಜರ್ಮನ್ ಮಾದರಿಯವು, ಅಮೆರಿಕದ ೧೯೦೭ರ ಮಾದರಿಯವು, ಬ್ರಿಟಿಷ್ ಮಾದರಿಯವು, ಎಲ್ಲವೂ ಬಂದುವು. ಇವುಗಳಲ್ಲಿ ಬಹುಭಾಗ ತಯಾರಾಗುವುದು ಭಾರತದಲ್ಲಿ. ಜೀನು ಮತ್ತು ಕುದುರೆಯ ಸಜ್ಜಿನ ರಫ್ತಿಗೆ ಇಂದಿಗೂ ಹೆಸರಾದ ಕಾನ್ಪುರದ ಜೀನಿನ ಕೆಲಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಯಾವ ನಾಡಿನ ಚರ್ಮದ ಕೆಲಸಗಾರರು ಸಾಮ್ರಾಜ್ಯದ ಸೈನ್ಯಕ್ಕೆ ‘ಮೂಲ’ ಪಟ್ಟಿಗಳನ್ನು ಮಾಡಿಕೊಟ್ಟರೋ ಅದೇ ನಾಡಿನ ಕೆಲಸಗಾರರ ಪಟ್ಟಿಗಳು ಇಂದು ‘ನಕಲು’ ಎಂಬ ಹೆಸರಿನಿಂದ ಕಡಿಮೆ ಬೆಲೆಗೆ ಮಾರಾಟವಾಗುತ್ತವೆ.

ಇದರಲ್ಲಿ ಮೋಸವಿಲ್ಲವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಹೊಸ ಪಟ್ಟಿಗೆ ಹಳೆಯ ವರ್ಷದ ಮುದ್ರೆಯನ್ನೊತ್ತಿ, ಚಹದ ನೀರಿನಲ್ಲಿ ಅದ್ದಿ, ಹಳೆಯದೆಂದು ಮಾರಿದರೆ ಅದು ವಂಚನೆಯೇ. ಹೊಸದನ್ನು ಹೊಸದೆಂದೇ ಹೇಳಿ ಮಾರುವುದು ಪ್ರಾಮಾಣಿಕವಾದ ಕಸಬು. ಜೋಗೇಶ್ವರಿಯ ಪೀಠೋಪಕರಣದ ಪೇಟೆಯಲ್ಲಿ ಹಳೆಯ ಮಾದರಿಯ ಕುರ್ಚಿಯನ್ನು ಮಾಡುವ ಬಡಗಿಯ ವಿದ್ಯೆ ಹೇಗೆ ಸುಳ್ಳಲ್ಲವೋ ಹಾಗೆಯೇ ಇದೂ ಸುಳ್ಳಲ್ಲ. ವಂಚನೆ ವಿದ್ಯೆಯಲ್ಲಿಲ್ಲ, ಮಾರುವವನ ಮಾತಿನಲ್ಲಿದೆ. ಆದರೆ ‘ನಕಲು’ ಎಂಬ ಒಂದೇ ಶಬ್ದ ಇವೆರಡನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಕೆಲಸಗಾರನ ತಲೆಯ ಮೇಲೆ ವರ್ತಕನ ತಪ್ಪನ್ನು ಹೊರಿಸುತ್ತದೆ.

ಸರಕಾರದ ಕಡೆಯಿಂದಲೂ ಮುದ್ರೆಯ ಅರ್ಥ ಬದಲಾಗುತ್ತ ಬಂದಿದೆ. ಕಾನ್ಪುರದ ಸೈನಿಕ ಸಾಮಗ್ರಿಯ ಕಾರ್ಖಾನೆಯೂ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯೂ ೨೦೨೧ರ ಅಕ್ಟೋಬರ್ ೧ರವರೆಗೆ ಒಂದೇ ಮಂಡಲಿಯ ಅಧೀನದಲ್ಲಿದ್ದುವು. ಅಂದು ಮಂಡಲಿ ವಿಸರ್ಜಿತವಾಗಿ ಏಳು ಸರಕಾರಿ ಕಂಪನಿಗಳಾದಾಗ ಕೋವಿಯನ್ನು ಮಾಡುವ ಕಾರ್ಖಾನೆ ಒಂದು ಕಂಪನಿಗೂ ಸಜ್ಜನ್ನು ಮಾಡುವ ಕಾರ್ಖಾನೆ ಇನ್ನೊಂದು ಕಂಪನಿಗೂ ಸೇರಿದುವು. ನಾಳಿನ ಸಂಗ್ರಾಹಕನು ಈ ದಿನಾಂಕವನ್ನೂ ಮುದ್ರೆಗಳ ಪಟ್ಟಿಯಲ್ಲಿ ಬರೆದುಕೊಳ್ಳುವನು.

೬

ಕೆಲಸಗಾರನ ಹೆಸರು ಉಳಿಯಲಾರದೆಂಬುದು ಪ್ರಕೃತಿಯ ನಿಯಮವೇನೂ ಅಲ್ಲ. ಕನ್ನಡ ನಾಡು ಹನ್ನೆರಡನೆಯ ಶತಮಾನದಲ್ಲಿಯೇ ಬೇರೊಂದು ದಾರಿಯನ್ನು ತೋರಿಸಿತು. ತೊಗಲನ್ನು ಹದಮಾಡುವ ಕುಲದಲ್ಲಿ ಹುಟ್ಟಿದ ಡೋಹರ ಕಕ್ಕಯ್ಯ ಬಸವಣ್ಣನವರ ಸಮಕಾಲೀನ ಶರಣ. ಅವನ ಹೆಸರಿನ ಕೆಲವೇ ವಚನಗಳು ಉಳಿದಿವೆ. ಉಳಿದುದು ಮಾತ್ರ ಹೆಸರಿನೊಡನೆ, ಕಸಬಿನೊಡನೆ ಉಳಿದಿದೆ. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದು ಪರಂಪರೆ ಹೇಳುವ ಹರಳಯ್ಯ-ಕಲ್ಯಾಣಮ್ಮ ದಂಪತಿಗಳ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ಆ ಕಥೆಯ ಐತಿಹಾಸಿಕತೆ ಹೇಗೇ ಇರಲಿ, ಅದರ ತಾತ್ಪರ್ಯ ಸ್ಪಷ್ಟ: ಚರ್ಮದ ವಸ್ತುವಿನ ಬೆಲೆ ಅದನ್ನು ಧರಿಸಿದವನಿಂದ ಬಂದುದಲ್ಲ, ಮಾಡಿದವನಿಂದ ಬಂದುದು.

ಮುಂಬಯಿಯಲ್ಲಿರುವ ನಮಗೆ ಈ ಪರಂಪರೆ ದೂರದ್ದಲ್ಲ. ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗವೆಂಬ ರಸ್ತೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಚರ್ಮ ಹದಮಾಡುವ ಉದ್ಯೋಗ ಅಲ್ಲಿ ಬೇರೂರಿದಾಗ ತಿರುನೆಲ್ವೇಲಿಯ ತಮಿಳು ಮುಸಲ್ಮಾನರೊಡನೆ ಕಕ್ಕಯ್ಯನನ್ನು ಕುಲಗುರುವೆಂದು ನಂಬುವ ಡೋಹರ ಸಮುದಾಯದವರೂ ನೆಲಸಿದರು. ಸೊಲ್ಲಾಪುರ, ವಿಜಾಪುರಗಳ ಕಡೆಯ ಗಡಿಸೀಮೆಯಲ್ಲಿ ಹರಡಿರುವ ಈ ಸಮುದಾಯದ ಮಾತಿನಲ್ಲಿ ಕನ್ನಡ ಮರಾಠಿಗಳೆರಡೂ ಕಲೆತಿವೆ. ಹದಮಾಡುವ ಕೆಲಸ ಧಾರಾವಿಯಲ್ಲಿ ಬಹುಮಟ್ಟಿಗೆ ನಿಂತುಹೋಗಿದ್ದರೂ ಚೀಲ, ಬೆಲ್ಟುಗಳ ಹೊಲಿಗೆ ಉಳಿದಿದೆ. ಕನ್ನಡದ ವಚನಕಾರನೊಬ್ಬನ ಹೆಸರು ಈ ಮಹಾನಗರದ ಬೀದಿಯ ಫಲಕದ ಮೇಲೆ ಬಂದುದು ವಿದ್ವಾಂಸರ ಪ್ರಯತ್ನದಿಂದಲ್ಲ; ಚರ್ಮದ ಕೆಲಸಗಾರರ ನೆನಪಿನಿಂದ. ನಾವು ನಮ್ಮ ಸಂಘಗಳಲ್ಲಿ ವಚನಸಾಹಿತ್ಯದ ಮೇಲೆ ಉಪನ್ಯಾಸಗಳನ್ನು ಏರ್ಪಡಿಸುವಾಗ ಈ ಬೀದಿಯನ್ನು ನೆನೆದುದು ಕಡಿಮೆಯೆಂದೇ ಹೇಳಬೇಕು.

೭

ಇನ್ನು ಕ��ಡಗಿನ ಮಾತು. ೧೮೩೪ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ೧೮೫೭ರ ತರುವಾಯ ದೇಶದಲ್ಲೆಲ್ಲ ಜನರನ್ನು ನಿರಾಯುಧರನ್ನಾಗಿ ಮಾಡುವ ಕಾನೂನು ಬಂದಾಗ, ಮೈಸೂರು-ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ೧೮೬೧ರಲ್ಲಿ ಕೊಡಗರಿಗೆ ಅದರಿಂದ ವಿನಾಯಿತಿ ಕೊಟ್ಟನು. ೧೮೭೮ರ ಆಯುಧ ಕಾನೂನಿನ ಕಾಲದಲ್ಲಿಯೂ ಸ್ವತಂತ್ರ ಭಾರತದ ೧೯೫೯ರ ಕಾನೂನಿನ ಕಾಲದಲ್ಲಿಯೂ ಅದು ಮುಂದುವರಿಯಿತು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಈ ವಿನಾಯಿತಿಯನ್ನು ಕೇಂದ್ರ ಸರಕಾರ ೨೦೧೯ರಲ್ಲಿ ಹತ್ತು ವರ್ಷಗಳಿಗೆ, ಎಂದರೆ ೨೦೨೯ರವರೆಗೆ, ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯ ೨೦೨೧ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತು ವಿನಾಯಿತಿಯನ್ನು ಎತ್ತಿಹಿಡಿಯಿತು.

ಸೆಪ್ಟೆಂಬರಿನ ಆರಂಭದಲ್ಲಿ, ನಾಟಿಯ ಕೆಲಸ ಮುಗಿದ ಮೇಲೆ, ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಗಳನ್ನೂ ಕತ್ತಿಗಳನ್ನೂ ಶುಚಿಮಾಡಿ ಪೂಜೆಗಿಡುತ್ತಾರೆ. ಕೋವಿಯ ನಳಿಗೆಗೆ ಸಿಕ್ಕಿಸುವ ಹೂವಿಗೆ ಕೊಡವ ಭಾಷೆಯಲ್ಲಿ ‘ತೋಕ್ ಪೂ’, ಕೋವಿಯ ಹೂ, ಎಂದೇ ಹೆಸರು. ಕನ್ನಡದಲ್ಲಿ ಅದು ಅಗ್ನಿಶಿಖೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವುದು ವಾಡಿಕೆ. ಕೋವಿ ಅಲ್ಲಿ ಸಂಗ್ರಹದ ವಸ್ತುವಲ್ಲ. ಮನೆತನದ ಒಬ್ಬ ಸದಸ್ಯ.

ಆಯುಧವನ್ನು ಹೊರುವ ಸಾಧನಕ್ಕೆ ಕೊಡಗಿನಲ್ಲಿ ಕೋವಿಗಿಂತಲೂ ಹಳೆಯ ಪರಂಪರೆಯಿದೆ. ಅಗಲವಾದ ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸಿಕೊಳ್ಳಲು ‘ತೊಡಂಗ್’ ಎಂಬ ಹಿತ್ತಾಳೆಯ ಕೊಕ್ಕೆಯಿತ್ತು. ಕತ್ತಿಯೊಡನೆ ಕೊಕ್ಕೆಗೂ ಹೆಸರಿಟ್ಟು ಅದನ್ನು ಉಳಿಸಿಕೊಂಡ ಜನ ಇವರು. ಹೆಗಲಪಟ್ಟಿಯ ವಿಷಯ ಬೇರೆ. ಕೊಡಗಿನ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಬರುವುದು ತಪ್ಪಿದ್ದಲ್ಲ. ಸಾರ್ವಜನಿಕರಿಗೆ ಸೈನ್ಯದ ಗುಂಡಿನ ಗಾತ್ರ ನಿಷಿದ್ಧವಾದುದರಿಂದ ಇಶಾಪುರದ ಕಾರ್ಖಾನೆ ಲೀ-ಎನ್‌ಫೀಲ್ಡಿನ ರಚನೆಯನ್ನೇ ಅನುಸರಿಸಿ ಪಾಯಿಂಟ್ ಮುನ್ನೂರ ಹದಿನೈದು ಗಾತ್ರದ ರೈಫಲನ್ನು ನಾಗರಿಕರಿಗಾಗಿ ಮಾಡಿತು. ಇಂತಹ ಕೋವಿಯ ಪಟ್ಟಿ ಬೂಷ್ಟು ಹಿಡಿದು ಕಡಿದುಹೋದರೆ ಊರಿನ ಚರ್ಮದ ಕೆಲಸಗಾರನಿಂದ ಇನ್ನೊಂದನ್ನು ಮಾಡಿಸಿ ಹಾಕುವುದು ಸಹಜ. ಆ ಹೊಸ ಪಟ್ಟಿಯಿಂದ ಕೋವಿಯ ಮೂಲತೆಗೆ ಕುಂದು ಬಂದಿತೆಂದು ಮನೆತನ ಭಾವಿಸುವುದಿಲ್ಲ. ಜೋಗೇಶ್ವರಿಯ ಗುಹೆಯಲ್ಲಿ ದೇವಿಗೆ ಹೊಸ ಸೀರೆಯುಡಿಸಿದರೆ ದೇವಿ ಹೊಸಬಳಾಗುವುದಿಲ್ಲವಷ್ಟೆ.

ಸಂಗ್ರಾಹಕನ ‘ಮೂಲ’ ಮುದ್ರೆಯ ಮೇಲೆ ನಿಂತಿದೆ. ಮನೆತನದ ‘ಮೂಲ’ ಬಳಕೆಯ ಅನುಸ್ಯೂತಿಯ ಮೇಲೆ ನಿಂತಿದೆ. ಎರಡೂ ತಮ್ಮ ತಮ್ಮ ಮಿತಿಯಲ್ಲಿ ಸತ್ಯವೇ. ಎರಡರಲ್ಲಿಯೂ ಒಂದು ಕೊರತೆಯಿದೆ. ಮುದ್ರೆ ಕೆಲಸಗಾರನನ್ನು ಬರೆಯಲಿಲ್ಲ. ಮನೆತನವೂ ತನ್ನ ಹಿರಿಯರ ಹೆಸರುಗಳನ್ನೆಲ್ಲ ಹೇಳುತ್ತದೆ, ಪಟ್ಟಿಯನ್ನು ಹೊಲಿದುಕೊಟ್ಟವನ ಹೆಸರನ್ನು ಹೇಳುವುದಿಲ್ಲ.

೮

ಈ ವಿಚಾರದಿಂದ ಫಲಿಸುವ ಕೆಲಸವೇನು ಎಂಬುದನ್ನು ಹೇಳಿ ಲೇಖನವನ್ನು ಮುಗಿಸಬಹುದು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆ ೨೦೨೧ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಆಯುಧಗಳನ್ನೂ ಇರಿಸಲಾಗಿದೆ. ಇಂತಹ ಸಂಗ್ರಹಾಲಯಗಳಲ್ಲಿ ಕೋವಿಯ ಮುಂದೆ ಬರೆಯುವ ವಿವರಣೆಯಲ್ಲಿ ಪಟ್ಟಿಗೂ ಎರಡು ಸಾಲು ಸಲ್ಲಬೇಕು: ಚರ್ಮವೋ ಹತ್ತಿಯೋ, ಯಾವ ತೊಗಟೆಯ ಹದ, ಯಾವ ಮುದ್ರೆ, ಯಾವಾಗ ಬದಲಾಯಿತು. ಬದಲಾದ ಪಟ್ಟಿಯನ್ನು ಕಿತ್ತುಹಾಕಿ, ಕಾಲಕ್ಕೊಪ್ಪುವ ಹೊಸ ಮಾದರಿಯನ್ನು ತೊಡಿಸುವ ಆಸೆಯನ್ನು ತಡೆಯಬೇಕು. ಊರಿನ ಕೆಲಸಗಾರ ಹೊಲಿದ ಒರಟು ಪಟ್ಟಿಯೇ ಆ ಕೋವಿಯ ನಿಜವಾದ ಚರಿತ್ರೆಯ ಕೊನೆಯ ಪುಟ.

ಮುಂಬಯಿಯ ಕನ್ನಡಿಗರ ಮನೆಗಳಲ್ಲಿಯೂ ಸೈನ್ಯದಲ್ಲಿದ್ದ ಹಿರಿಯರ ಬೆಲ್ಟು, ಬೆನ್ನುಚೀಲ, ಪಟ್ಟಿಗಳು ಪೆಟ್ಟಿಗೆಯ ತಳದಲ್ಲಿರುವುದುಂಟು. ಮನೆ ಬದಲಿಸುವಾಗ ಮೊದಲು ಹೊರಗೆ ಬೀಳುವುವು ಅವೇ. ಎಸೆಯುವ ಮುನ್ನ ಅವುಗಳ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಹೊಳಪಿನ ಎಣ್ಣೆ ಬಳಿದು ಉಜ್ಜಿದರೆ ಮುದ್ರೆ ಅಳಿದುಹೋಗುತ್ತದೆ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮುಂಬಯಿಯ ಮಳೆಗಾಲ ಅದನ್ನು ಬೂಷ್ಟಿಗೆ ಒಪ್ಪಿಸುತ್ತದೆ. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮಡಿಸದೆ ಇಡುವುದು ಲೇಸು. ಎಲ್ಲಿ, ಯಾರಿಂದ, ಎಂದು ದುರಸ್ತಿಯಾಯಿತೆಂಬ ನೆನಪು ಮನೆಯ ಹಿರಿಯರಲ್ಲಿದ್ದರೆ ಅದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಆ ಚೀಟಿಯಲ್ಲಿ ಒಬ್ಬ ಚರ್ಮದ ಕೆಲಸಗಾರನ ಹೆಸರು ಬಂದಿತೆಂದರೆ, ಯಾವ ಸರಕಾರದ ಮುದ್ರೆಯೂ ಮಾಡದ ಕೆಲಸವನ್ನು ಆ ಮನೆ ಮಾಡಿದಂತಾಗುವುದು.